ಡ್ರೇನ್ ಇರುವಾಗ ಕೈ ಎಷ್ಟು ಎತ್ತಬಹುದು?

ಅಮ್ಮನಿಗೆ ಸ್ತನ ಕ್ಯಾನ್ಸರ್ ಆಪರೇಷನ್‌ನಲ್ಲಿ ಕಂಕುಳಿನ ಲಿಂಫ್ ನೋಡ್ (ಸಣ್ಣ ಗ್ರಂಥಿಗಳು) ತೆಗೆದು ಐದು ದಿನ ಆಗಿದೆ, ಡ್ರೇನ್ (ಗಾಯದ ನೀರು ಹೊರಗೆ ಹರಿಸುವ ಕೊಳವೆ) ಇನ್ನೂ ಇದೆ, ಭುಜದ ವ್ಯಾಯಾಮ ಈಗಲೇ ಮಾಡಿಸಬಹುದಾ ಅಂತ ಕೇಳಿದ್ದೀರಿ. ಮಾಡಿಸಬಹುದು. ಆದರೆ ಸದ್ಯಕ್ಕೆ ಕೈ ಭುಜದ ಮಟ್ಟ ದಾಟುವುದು ಬೇಡ.

ಹಾಗಂತ ಕೈಯನ್ನು ಸುಮ್ನೆ ಎದೆಗೆ ಒತ್ತಿಕೊಂಡು ಕೂರಬಾರದು. ಮುಷ್ಟಿ ಕಟ್ಟಿ ಬಿಡುವುದು, ಮೊಣಕೈ ಮಡಚುವುದು, ಭುಜ ಮೆಲ್ಲಗೆ ತಿರುಗಿಸುವುದು, ಅದೇ ಕೈಯಲ್ಲಿ ಊಟ ಮಾಡುವುದು, ಇವೆಲ್ಲ ಆಪರೇಷನ್ ಆದ ಮರುದಿನದಿಂದಲೇ ಸಾಮಾನ್ಯವಾಗಿ ಶುರು ಮಾಡಿಸುತ್ತಾರೆ. ಮೊದಲ ವಾರದಲ್ಲೇ ಜೋರಾಗಿ ಎಳೆದರೆ ಗಾಯದೊಳಗೆ ನೀರು ಜಾಸ್ತಿ ಸೇರಬಹುದು, ಡ್ರೇನ್ ತೆಗೆಯುವುದೂ ತಡವಾಗುತ್ತದೆ.

ಸುಮಾರು 7ರಿಂದ 10 ದಿನದ ಮೇಲೆ ಡಾಕ್ಟರು ಗಾಯ ನೋಡಿ ಹೂಂ ಅಂದರೆ, ಗೋಡೆ ಮೇಲೆ ಬೆರಳು ಹತ್ತಿಸುವ ವ್ಯಾಯಾಮ. ನಮ್ಮಕ್ಕ ಅಡುಗೆಮನೆ ಗೋಡೆಗೆ ದಿನಾ ಪೆನ್ಸಿಲಿನಲ್ಲಿ ಗೀಟು ಹಾಕುತ್ತಿದ್ದಳು. ಕೆಲವು ದಿನ ಗೀಟು ಕೆಳಗೇ ಬರುತ್ತಿತ್ತು! ರೇಡಿಯೇಷನ್ ಇದ್ದರೆ ಕೈ ತಲೆ ಮೇಲೆತ್ತಿ ಮಲಗಬೇಕು, ಅಲ್ವಾ? ಅದಕ್ಕೇ ಈ ಹಂತ ಬಿಡಬೇಡಿ.

ಕಂಕುಳಿಂದ ಮೊಣಕೈವರೆಗೆ ಚರ್ಮದಡಿ ತಂತಿ ಬಿಗಿದ ಹಾಗೆ ಕಂಡರೆ ಫಿಸಿಯೋಥೆರಪಿಸ್ಟ್‌ಗೆ ತೋರಿಸಿ. ಕೈ ಕೆಂಪಾಗಿ ಜ್ವರ ಬಂದರೆ ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಸ್ತನ ಮರುರಚನೆಯೂ ಆಗಿದ್ದರೆ ಲೆಕ್ಕ ಬೇರೆ, ಸರ್ಜನ್ ಹೇಳಿದ್ದೇ ಮಾಡಿ.