ಪೊರೆ ಹಣ್ಣಾಗಲಿ ಅಂತ ಯಾಕೆ ಕಾಯ್ತೀರಿ?

ಪ್ರಶ್ನೆ: ನಮ್ಮ ತಂದೆಗೆ 68 ವರ್ಷ. ಎರಡೂ ಕಣ್ಣಿಗೆ ಪೊರೆ ಬಂದಿದೆ. ಡಾಕ್ಟರು ಆಪರೇಷನ್ ಮಾಡಿಸಿ ಅಂದರು. ಮನೆಯ ಹಿರಿಯರು ‘ಇನ್ನೂ ಹಣ್ಣಾಗಿಲ್ಲ, ಬೇಸಿಗೆ ಬೇರೆ, ಚಳಿಗಾಲ ಬರಲಿ’ ಅನ್ನುತ್ತಾರೆ. ಕಾಯಬಹುದಾ? ಆಪರೇಷನ್ ದಿನ ಏನೇನು ಮಾಡುತ್ತಾರೆ?

ಹೇಳಿ ಹೇಳಿ ನನಗೆ ಸಾಕಾಗಿದೆ. ಆದರೂ ಈ ಪ್ರಶ್ನೆ ಬರುವುದು ನಿಂತಿಲ್ಲ. ಹಾಗಾಗಿ ಇವತ್ತು ಪೂರ್ತಿ ಹೇಳಿಬಿಡುತ್ತೇನೆ.

ಕಾಯುವ ಮಾತಿಗೆ ಒಂದು ಕಾಲದಲ್ಲಿ ಅರ್ಥ ಇತ್ತು. ಡಾ. ಎಂ. ಸಿ. ಮೋದಿ ಅವರು ಊರೂರು ತಿರುಗಿ ಕಣ್ಣಿನ ಶಿಬಿರ ನಡೆಸುತ್ತಿದ್ದ ದಿನಗಳನ್ನು ನೆನೆಸಿಕೊಳ್ಳಿ. ಆಗ ಪೊರೆ ಬಂದ ಮಸೂರವನ್ನು ತೆಗೆಯುತ್ತಿದ್ದರು, ಅದರ ಜಾಗಕ್ಕೆ ಲೆನ್ಸ್ ಕೂರಿಸುತ್ತಿರಲಿಲ್ಲ. ಆಮೇಲೆ ಬದುಕಿರುವ ತನಕ ಸೋಡಾ ಬಾಟಲಿ ತಳದಂಥ ಕನ್ನಡಕ. ಅಷ್ಟೋ ಇಷ್ಟೋ ಕಾಣುತ್ತಿದ್ದವರಿಗೆ ಅದರಿಂದ ಇನ್ನೂ ಕಷ್ಟ. ಅದಕ್ಕೇ ಪೂರ್ತಿ ಮಂಜಾಗಲಿ ಅನ್ನುತ್ತಿದ್ದರು. ಆ ಕಾಲಕ್ಕೆ ಅದು ಸರಿಯೇ.

ಈಗ ಹೆಚ್ಚಾಗಿ ಮಾಡುವುದು ಫೇಕೋ ಅನ್ನುವ ಆಪರೇಷನ್. ಮೂರು ಮಿಲಿಮೀಟರಿಗಿಂತ ಸಣ್ಣ ಗಾಯ ಮಾಡಿ, ಅಲ್ಟ್ರಾಸೌಂಡ್‌ನಿಂದ ಪೊರೆಯನ್ನು ಒಡೆದು ಹೀರಿ ತೆಗೆದು, ಆ ಜಾಗಕ್ಕೆ ಲೆನ್ಸ್ ಕೂರಿಸುತ್ತೇವೆ. ಪೊರೆ ಮೆತ್ತಗಿದ್ದರೆ ಸಲೀಸು. ಬಲಿತು ಕಂದು ಬಣ್ಣಕ್ಕೆ ತಿರುಗಿದರೆ ಒಣ ಕೊಬ್ಬರಿಯಂತೆ ಗಟ್ಟಿ. ಆಗ ಅಲ್ಟ್ರಾಸೌಂಡ್ ಜಾಸ್ತಿ ಕೊಡಬೇಕು. ಅದರ ಪೆಟ್ಟು ಬೀಳುವುದು ಕಾರ್ನಿಯಾದ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪರದೆಯ, ಒಳಪದರಕ್ಕೆ. ಅಲ್ಲಿನ ಜೀವಕೋಶಗಳು ಒಮ್ಮೆ ಹೋದರೆ ಮತ್ತೆ ಹುಟ್ಟುವುದಿಲ್ಲ. ಲೆನ್ಸಿನ ಪವರ್ ಅಳೆಯುವ ಯಂತ್ರದ ಬೆಳಕೂ ದಟ್ಟ ಪೊರೆಯನ್ನು ದಾಟುವುದಿಲ್ಲ.

ಒಬ್ಬ ಅಜ್ಜಿಯನ್ನು ಮರೆಯಲಾರೆ. ಸುಗ್ಗಿ ಮುಗಿಯಲಿ, ಮೊಮ್ಮಗಳ ಮದುವೆ ಮುಗಿಯಲಿ ಅಂತ ಎರಡು ವರ್ಷ ತಳ್ಳಿದ್ದರು. ಒಂದು ದಿನ ತಲೆ ಸಿಡಿಯುವಂಥ ನೋವು, ವಾಂತಿ. ಪಿತ್ತ ಅಂತ ಮೂರು ದಿನ ಮಾತ್ರೆ ನುಂಗಿಸಿದರು. ನನ್ನ ಮುಂದೆ ಕೂತಾಗ ಕಣ್ಣು ಕೆಂಡದಂತಿತ್ತು. ಪೊರೆ ಉಬ್ಬಿ ಕಣ್ಣಿನ ಒತ್ತಡ ಏರಿತ್ತು. ಆಪರೇಷನ್ ಮಾಡಿದೆ, ನೋವು ಹೋಯಿತು, ನೋಟ ಬರಲಿಲ್ಲ. ನರ ಆಗಲೇ ಸತ್ತಿತ್ತು.

ಹಾಗಂತ ಸಣ್ಣ ಪೊರೆ ಕಂಡ ಕೂಡಲೇ ತೆಗೆಸಬೇಕಿಲ್ಲ. ತಂದೆಯವರನ್ನೇ ಕೇಳಿ: ಬಸ್ಸಿನ ಬೋರ್ಡ್ ಓದಲು ಆಗುತ್ತಾ? ಮೆಟ್ಟಿಲಿನ ಅಂಚು ಕಾಣುತ್ತಾ? ರಾತ್ರಿ ಎದುರಿನ ಗಾಡಿಯ ಲೈಟ್ ಕಣ್ಣಿಗೆ ರಾಚುತ್ತಾ? ಕಷ್ಟ ಇದ್ದರೆ ಅದೇ ಸರಿಯಾದ ಸಮಯ. ಬೇಸಿಗೆಯೋ ಚಳಿಗಾಲವೋ, ಥಿಯೇಟರಿನ ಒಳಗೆ ಎಲ್ಲ ಒಂದೇ.

ಇನ್ನು ಆಪರೇಷನ್ ದಿನ. ಮೊದಲು ಪಾಪೆ ಹಿಗ್ಗಿಸುವ ಡ್ರಾಪ್ಸ್, ಅದಕ್ಕೆ ಅರ್ಧ ಗಂಟೆಗಿಂತ ಜಾಸ್ತಿ ಹಿಡಿಯಬಹುದು. ಆಮೇಲೆ ಮರಗಟ್ಟಿಸುವ ಡ್ರಾಪ್ಸ್, ಕೆಲವರಿಗೆ ಇಂಜೆಕ್ಷನ್. ಸಾಮಾನ್ಯವಾಗಿ ಎಚ್ಚರ ಇರುತ್ತದೆ. ಕಣ್ಣು ಮಿಟುಕಿಸಿಬಿಟ್ಟರೆ ಅಂತ ತುಂಬಾ ಜನ ಹೆದರುತ್ತಾರೆ. ರೆಪ್ಪೆಗಳನ್ನು ಒಂದು ಸಣ್ಣ ಕ್ಲಿಪ್ ಹಿಡಿದಿರುತ್ತದೆ, ಮಿಟುಕಿಸಲು ಆಗುವುದೇ ಇಲ್ಲ. ಜೋರು ಬೆಳಕು, ಅಲುಗಾಡುವ ಬಣ್ಣಗಳು, ಕೆನ್ನೆಗೆ ಇಳಿಯುವ ನೀರು, ಯಂತ್ರದ ಸದ್ದು. ಇಷ್ಟೇ. ಹೆಚ್ಚಿನವರಿಗೆ 15-20 ನಿಮಿಷ. ಕೆಮ್ಮು ಬಂದರೆ ತಲೆ ಅಲ್ಲಾಡಿಸುವ ಮೊದಲು ಬಾಯಿಬಿಟ್ಟು ಹೇಳಿ. ಅದೇ ದಿನ ಮನೆಗೆ. ಪಟ್ಟಿ ತೆಗೆದ ಮೇಲೆ ಬಿಳಿ ಬಟ್ಟೆ ಇಷ್ಟು ಬಿಳಿ ಇತ್ತಾ ಅಂತ ಬೆರಗಾಗುವವರನ್ನು ನಾನು ದಿನಾ ನೋಡುತ್ತೇನೆ. ಕೆಲವು ದಿನ ಮರಳು ಬಿದ್ದ ಹಾಗೆ ಅನಿಸುತ್ತದೆ, ಗಾಬರಿ ಬೇಡ.

ಒಂದು ಮಾತು ತಪ್ಪದೆ ಹೇಳಿ. ತಂದೆಯವರು ಪ್ರಾಸ್ಟೇಟ್‌ಗೆ ಟ್ಯಾಮ್ಸುಲೋಸಿನ್ ಮಾತ್ರೆ ತಗೋತಿದ್ದರೆ ಸರ್ಜನ್‌ಗೆ ಮೊದಲೇ ತಿಳಿಸಬೇಕು. ಅದರಿಂದ ಪಾಪೆ ಸುತ್ತಲಿನ ಪದರ ಸಡಿಲವಾಗಿ ಗಾಯದ ಕಡೆ ಜಾರಿ ಬರಬಹುದು. ಗೊತ್ತಿದ್ದರೆ ತಯಾರಿ ಮಾಡಿಕೊಳ್ಳುತ್ತೇವೆ. ಹಿಂದೆ ತಗೊಂಡು ಬಿಟ್ಟಿದ್ದರೂ ಹೇಳಿ. ರಕ್ತ ತೆಳು ಮಾಡುವ ಮಾತ್ರೆಯನ್ನು ಮಾತ್ರ ನೀವಾಗಿ ನಿಲ್ಲಿಸಬೇಡಿ.

ಪ್ರಶ್ನೆ: ನಂದಿಬಟ್ಟಲು ಹೂವಿನ ರಸ, ಜೇನುತುಪ್ಪ ಬಿಟ್ಟರೆ ಪೊರೆ ಕರಗುತ್ತಂತೆ?

ಕರಗುವುದಿಲ್ಲ. ಪೊರೆ ಇರುವುದು ಕಣ್ಣಿನ ಒಳಗೆ, ನೀವು ಹಾಕುವುದು ಮೇಲೆ. ಹೂವಿನ ರಸ ಬಿಟ್ಟು ಕಾರ್ನಿಯಾ ಹುಣ್ಣಾಗಿ ಬಂದವರಿಗೆ ಚಿಕಿತ್ಸೆ ಮಾಡಿ ನಾನು ರೋಸಿಹೋಗಿದ್ದೇನೆ. ಪೊರೆ ಕರಗಿಸುವ ಡ್ರಾಪ್ಸ್ ಮಾರುವವರಿಗೂ ಇದೇ ಉತ್ತರ.

ಪ್ರಶ್ನೆ: ದುಬಾರಿ ಲೆನ್ಸ್ ಹಾಕಿಸಿದರೆ ಕನ್ನಡಕವೇ ಬೇಡವಾ?

ಕೆಲವರಿಗೆ ಬೇಡ. ಆದರೆ ರಾತ್ರಿ ದೀಪದ ಸುತ್ತ ಬಳೆ ಕಾಣಬಹುದು. ಲಾರಿ ಓಡಿಸುವವರಿಗೆ, ಸಕ್ಕರೆ ಕಾಯಿಲೆಯಿಂದ ರೆಟಿನಾ (ಕಣ್ಣಿನ ಹಿಂಭಾಗದ ಪರದೆ) ಕೆಟ್ಟವರಿಗೆ ನಾನು ಅದನ್ನು ಹಾಕುವುದಿಲ್ಲ. ಮಾಮೂಲಿ ಲೆನ್ಸ್, ಓದಲು ಒಂದು ಕನ್ನಡಕ, ಅಷ್ಟು ಸಾಕು.

ಪ್ರಶ್ನೆ: ಪೊರೆ ಮತ್ತೆ ಬರುತ್ತಾ?

ಇಲ್ಲ. ಲೆನ್ಸಿನ ಹಿಂದಿನ ಪದರ ಮಂಜಾಗಬಹುದು, ಅದಕ್ಕೆ ಕೆಲವೇ ನಿಮಿಷಗಳ ಲೇಸರ್ ಇದೆ.

ಪ್ರಶ್ನೆ: ತಲೆಸ್ನಾನ ಯಾವಾಗ?

ಎರಡು ವಾರ ಕಣ್ಣಿಗೆ ನೀರು ತಾಗಬಾರದು. ಸ್ನಾನಕ್ಕಿಂತ ಡ್ರಾಪ್ಸ್ ಬಗ್ಗೆ ಯೋಚಿಸಿ. ಸೋಪು ಹಾಕಿ ಕೈ ತೊಳೆದು, ಬಾಟಲಿಯ ತುದಿ ರೆಪ್ಪೆಗೆ ತಾಗದಂತೆ ಒಂದೇ ಹನಿ ಹಾಕಿ. ಎರಡನೇ ಔಷಧಿಗೆ ಐದು ನಿಮಿಷ ಬಿಡಿ. ನೋವು ಜಾಸ್ತಿಯಾದರೆ, ಕೆಂಪು ಏರಿದರೆ, ಕಾಣುತ್ತಿದ್ದದ್ದು ಮಂಕಾದರೆ ಬೆಳಗಾಗಲಿ ಅಂತ ಕೂರಬೇಡಿ, ಆ ರಾತ್ರಿಯೇ ಹೊರಡಿ.