ಆರೋಗ್ಯವಾದ ಮೀನು ಬೇಕಿದ್ದರೆ ಹೊಸ ಸರಕು ಬಂದ ದಿನ ಅಂಗಡಿಗೆ ಹೋಗಬೇಡಿ

ನಿಯಾನ್ ಟೆಟ್ರಾ ಎಂಬ ಪುಟ್ಟ ಮೀನುಗಳು ತಂದ ವಾರದೊಳಗೆ ಸಾಯುತ್ತಿವೆ, ಆರೋಗ್ಯವಾದ ಉಷ್ಣವಲಯದ ಮೀನು ಮಾರುವ ಹೆಸರುವಾಸಿ ಅಂಗಡಿಯನ್ನು ಗುರುತಿಸುವುದು ಹೇಗೆ, ದೊಡ್ಡ ಅಂಗಡಿಯೇ ಮೇಲೇ ಎಂದು ಕೇಳಿದ್ದೀರಿ. ಅಕ್ವೇರಿಯಂ ಇಟ್ಟ ಹೊಸತರಲ್ಲಿ ನಾನು ಕಂಡಕಂಡವರನ್ನೆಲ್ಲ ಕೇಳುತ್ತಿದ್ದುದೂ ಇದನ್ನೇ. ಕೊನೆಗೆ ಎಲ್ಲರೂ ಒಂದೇ ಬಾಯಿಂದ ಹೊಗಳುವ ಅಂಗಡಿಯೊಂದು ಸಿಕ್ಕಿತು. ಅಲ್ಲಿನ ಗಾಜಿನ ಮೇಲೆ ಪಾಚಿಯ ಗೆರೆಯೂ ಇರಲಿಲ್ಲ; ಮೀನಿನ ಹೆಸರು, ಅದು ಬೆಳೆಯುವ ಗಾತ್ರ, ಅದಕ್ಕೆ ಬೇಕಾದ ನೀರಿನ ಉಷ್ಣತೆ ಎಲ್ಲವನ್ನೂ ಅಂದವಾಗಿ ಬರೆದು ಒಂದೊಂದು ತೊಟ್ಟಿಗೂ ಅಂಟಿಸಿದ್ದರು. ನನ್ನ ತೊಟ್ಟಿಯನ್ನು ಖಾಲಿ ಮಾಡಿದ ಮೀನುಗಳು ಬಂದದ್ದು ಅದೇ ಅಂಗಡಿಯಿಂದ. ಅವರು ಮೋಸ ಮಾಡಿರಲಿಲ್ಲ, ಸುಳ್ಳನ್ನೂ ಹೇಳಿರಲಿಲ್ಲ. ನಾನು ಹೋದ ದಿನ ತಪ್ಪಾಗಿತ್ತು. ಅದನ್ನು ಸ್ವಲ್ಪ ವಿವರವಾಗಿ ಹೇಳದೆ ನಿಮ್ಮ ಪ್ರಶ್ನೆಗೆ ಉತ್ತರ ಕೊಡಲಾರೆ.

ಹೊಸ ಸರಕು ಬಂದ ದಿನವೇ ಹೋಗಬೇಕು, ಬೇರೆಯವರು ಆರಿಸಿ ಬಿಟ್ಟದ್ದನ್ನು ತರಬಾರದು ಎಂದು ಯಾರೋ ಹೇಳಿದ್ದರು. ತರಕಾರಿಗೆ ಒಪ್ಪುವ ಈ ಬುದ್ಧಿವಾದ ಮೀನಿಗೂ ಒಪ್ಪುತ್ತದೆ ಎಂದು ನಾನು ನಂಬಿದೆ. ನಾನು ಹೋದಾಗ ಸರಕಿನ ಥರ್ಮೋಕೋಲ್ ಪೆಟ್ಟಿಗೆಗಳು ಇನ್ನೂ ನೆಲದ ಮೇಲೆಯೇ ಬಿದ್ದಿದ್ದವು, ನಿಯಾನ್‌ಗಳನ್ನು ಆಗಷ್ಟೇ ನೀರಿಗೆ ಬಿಟ್ಟಿದ್ದರು. ಅವುಗಳ ಕೆಂಪು ಪಟ್ಟಿ ಮಂಕಾಗಿತ್ತು. ಆದರೆ ಮೈಮೇಲೆ ಕಲೆಯಿರಲಿಲ್ಲ, ರೆಕ್ಕೆ ಹರಿದಿರಲಿಲ್ಲ, ಹಿಂಡು ಚದುರಿರಲಿಲ್ಲ. ಪ್ರಯಾಣದ ಆಯಾಸಕ್ಕೆ ಬಣ್ಣ ಇಳಿದಿದೆ, ಮನೆಯ ನೀರಿಗೆ ಹೋದರೆ ಸರಿಯಾಗುತ್ತದೆ ಎಂದು ಅಂಗಡಿಯವರು ಹೇಳಿದರು. ಆ ಮಾತಿನ ಮೊದಲರ್ಧ ನಿಜವೇ ಆಗಿತ್ತು. ಗಾಜಿಗೆ ಮೂಗು ಹಚ್ಚಿ, ಇದು ಬೇಕು ಅದು ಬೇಕು ಎಂದು ಬೆರಳು ಮಾಡಿ ಆರಿಸಿಕೊಂಡೆ. ಮನೆಗೆ ತಂದವನು ಪ್ಯಾಕೆಟ್ಟನ್ನು ಸ್ವಲ್ಪ ಹೊತ್ತು ತೊಟ್ಟಿಯ ಮೇಲೆ ತೇಲಿಬಿಟ್ಟು, ಬಳಿಕ ಅದರ ನೀರಿನ ಸಮೇತ ಮೀನುಗಳನ್ನು ಒಳಗೆ ಸುರಿದೆ.

ಮೀನು ಅಂಗಡಿಗೆ ಬರುವ ದಾರಿ ತಿಳಿದಿದ್ದರೆ ಅಂದು ಬರಿಗೈಯಲ್ಲಿ ಹಿಂದಿರುಗುತ್ತಿದ್ದೆ. ಸಾಗಿಸುವ ಮುನ್ನ ಮೀನುಗಳಿಗೆ ಆಹಾರ ನಿಲ್ಲಿಸುತ್ತಾರೆ, ಇಲ್ಲದಿದ್ದರೆ ಪ್ಯಾಕೆಟ್ಟಿನ ಅಷ್ಟಿಷ್ಟು ನೀರನ್ನು ಅವು ತಮ್ಮ ಮಲದಿಂದಲೇ ಕೆಡಿಸಿಕೊಳ್ಳುತ್ತವೆ. ಆಮ್ಲಜನಕ ತುಂಬಿ ಬಿಗಿದ ಪ್ಯಾಕೆಟ್ಟಿನಲ್ಲಿ ಉಸಿರಾಟದ ಇಂಗಾಲದ ಡೈಆಕ್ಸೈಡ್ ಕೂಡುತ್ತ ಹೋಗಿ ನೀರು ಆಮ್ಲೀಯವಾಗುತ್ತದೆ. ಕಿವಿರುಗಳಿಂದ ಹೊರಬೀಳುವ ಅಮೋನಿಯಾವೂ ಅದರಲ್ಲೇ ಸೇರುತ್ತಿರುತ್ತದೆ. ನೀರು ಆಮ್ಲೀಯವಾಗಿರುವವರೆಗೆ ಅದರ ಬಹುಪಾಲು ಅಮೋನಿಯಂ ಎಂಬ ಅಷ್ಟೇನೂ ಅಪಾಯವಿಲ್ಲದ ರೂಪದಲ್ಲಿ ಇರುತ್ತದೆ. ಗಂಟು ಬಿಚ್ಚಿ ಗಾಳಿ ಆಡಿದೊಡನೆ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ ನೀರಿನ ಆಮ್ಲೀಯತೆ ಇಳಿಯುತ್ತದೆ, ಅಂದರೆ ಪಿಎಚ್ ಏರುತ್ತದೆ, ಅಮೋನಿಯಂ ಮತ್ತೆ ವಿಷಕಾರಿ ಅಮೋನಿಯಾ ಆಗಿ ಕಿವಿರುಗಳನ್ನು ಸುಡುತ್ತದೆ. ಸಾಕಣೆ ಕೇಂದ್ರದಿಂದ ಸಗಟು ವ್ಯಾಪಾರಿಗೆ, ಅಲ್ಲಿಂದ ಅಂಗಡಿಗೆ, ಅಂಗಡಿಯಿಂದ ನಮ್ಮ ಮನೆಗೆ ಬರುವಷ್ಟರಲ್ಲಿ ಮೀನು ಇದನ್ನೆಲ್ಲ ಮತ್ತೆ ಮತ್ತೆ ಅನುಭವಿಸಿರುತ್ತದೆ, ಪ್ರತಿ ನಿಲ್ದಾಣದಲ್ಲೂ ಬೇರೆಯದೇ ನೀರಿಗೆ ಒಗ್ಗಿಕೊಳ್ಳಲು ಹೆಣಗಿರುತ್ತದೆ. ಈ ಒತ್ತಡದಲ್ಲಿ ಅದರ ರೋಗನಿರೋಧಕ ಶಕ್ತಿ ಕುಗ್ಗುತ್ತದೆ, ಅಲ್ಲಿಯವರೆಗೆ ಅಡಗಿದ್ದ ಪರಜೀವಿಗೆ ಅದೇ ಸಂದರ್ಭ. ಆದರೆ ರೋಗ ಕಣ್ಣಿಗೆ ಬೀಳಲು ಇನ್ನೂ ಕೆಲವು ದಿನ ಬೇಕು. ಬಂದ ದಿನದ ಮೀನು ನೋಡಲು ಶುಚಿಯಾಗಿರುವುದು ಆರೋಗ್ಯದಿಂದಲೋ, ರೋಗಕ್ಕೆ ಇನ್ನೂ ಸಮಯ ಸಿಕ್ಕದಿರುವುದರಿಂದಲೋ ಎಂದು ಹೇಳಲು ಯಾರಿಂದಲೂ ಸಾಧ್ಯವಿಲ್ಲ. ಅಂಗಡಿಯವರಿಂದಲೂ ಸಾಧ್ಯವಿಲ್ಲ.

ನಾನು ತಂದ ನಿಯಾನ್‌ಗಳ ಜೊತೆ ಬಂದದ್ದು ಬಿಳಿಚುಕ್ಕೆ ರೋಗ, ಇಕ್ಥಿಯೋಫ್ಥಿರಿಯಸ್ ಎಂಬ ಏಕಕೋಶ ಪರಜೀವಿಯ ಕೆಲಸ. ಮೊದಲು ಕಂಡದ್ದು ಹೊಸ ಮೀನುಗಳಲ್ಲಿ ಅಲ್ಲ, ಬಹುಕಾಲದಿಂದ ನನ್ನಲ್ಲಿದ್ದ ಏಂಜೆಲ್ ಮೀನಿನಲ್ಲಿ. ಅದು ಹೀಟರಿನ ಕೊಳವೆಗೆ ಓರೆಯಾಗಿ ಮೈ ಉಜ್ಜಿ ಥಟ್ಟನೆ ಚಿಮ್ಮುತ್ತಿತ್ತು, ಆಟವಾಡುತ್ತಿದೆ ಎಂದುಕೊಂಡೆ. ಒಂದು ಬೆಳಿಗ್ಗೆ ನೋಡಿದರೆ ಅದರ ಬೆನ್ನಿನ ರೆಕ್ಕೆಯ ತುಂಬ ಉಪ್ಪಿನ ಹರಳಿನಂಥ ಚುಕ್ಕೆಗಳು. ಚುಕ್ಕೆ ಕಾಣುವ ಹಂತದಲ್ಲಿ ಪರಜೀವಿಯು ಚರ್ಮದ ಹೊರಪದರದ ಅಡಿಯಲ್ಲಿ ಹುದುಗಿರುವುದರಿಂದ ಔಷಧ ಅದನ್ನು ಮುಟ್ಟುವುದಿಲ್ಲ. ಅದು ಬಲಿತು ಉದುರಿ, ತಳದಲ್ಲಿ ಅಂಟಿಕೊಂಡು, ನೂರಾರು ಮರಿಗಳಾಗಿ ಒಡೆದು ನೀರಿನಲ್ಲಿ ಈಜುತ್ತ ಹೊಸ ಮೀನನ್ನು ಹುಡುಕುವಾಗ ಮಾತ್ರ ಔಷಧಕ್ಕೆ ಸಿಕ್ಕುತ್ತದೆ. ನಾನು ಔಷಧ ಹಾಕಿ, ಚುಕ್ಕೆಗಳು ಉದುರಿದ್ದನ್ನು ಕಂಡು ಗುಣವಾಯಿತೆಂದು ನಿಲ್ಲಿಸಿಬಿಟ್ಟೆ. ಮುಂದಿನ ಸುತ್ತಿನಲ್ಲಿ ಕಿವಿರುಗಳಿಗೇ ಹತ್ತಿಕೊಂಡಿತು, ಮೀನುಗಳು ಮೇಲ್ಮೈಯಲ್ಲಿ ಬಾಯಿಬಾಯಿ ಬಿಡುತ್ತ ಒಂದರ ಹಿಂದೆ ಒಂದು ಹೋದವು.

ಇದಾದ ಮೇಲೆ ಇನ್ನೊಂದು ಅಂಗಡಿಗೆ ಹೋದೆ. ಅಲ್ಲಿ ಬೆಳಕು ಕಡಿಮೆ, ತೊಟ್ಟಿಗಳ ಹಿಂಬದಿಯ ಗಾಜಿನಲ್ಲಿ ಪಾಚಿ. ನಾನು ಕೇಳಿದ ಕೋರಿಡೋರಾಸ್ ಎಂಬ ಪುಟ್ಟ ಕ್ಯಾಟ್‌ಫಿಶ್‌ಗಳ ತೊಟ್ಟಿಯ ಮೇಲೆ ಮಾರ್ಕರ್‌ನಲ್ಲಿ ಅದು ಬಂದ ತಾರೀಕು ಬರೆದಿತ್ತು. ಅಂಗಡಿಯವರು ಅದನ್ನು ನೋಡಿ, “ಇವು ಇನ್ನೂ ಎರಡು ವಾರ ಇಲ್ಲೇ ಇರಲಿ ಸಾರ್, ಆಮೇಲೆ ಬನ್ನಿ, ಈಗ ಕೊಟ್ಟು ಆಮೇಲೆ ನಿಮ್ಮ ಹತ್ತಿರ ಮಾತು ಕೇಳುವುದು ನನಗೆ ಬೇಡ” ಎಂದರು. ಹಣ ಕೈಯಲ್ಲಿ ಹಿಡಿದು ನಿಂತವನಿಗೆ ಮೀನು ಕೊಡಲು ಒಲ್ಲದ ವ್ಯಾಪಾರಿಯನ್ನು ಮೊದಲ ಬಾರಿಗೆ ಕಂಡೆ. ನಿಮ್ಮ ಪ್ರಶ್ನೆಗೆ ನನ್ನಲ್ಲಿರುವ ನೇರ ಉತ್ತರ ಇದು: ಹೆಸರುವಾಸಿ ಅಂಗಡಿಯನ್ನು ಹುಡುಕಬೇಡಿ, ಇಲ್ಲ ಎನ್ನಬಲ್ಲ ವ್ಯಾಪಾರಿಯನ್ನು ಹುಡುಕಿ. ಮೀನು ಎಂದು ಬಂತು ಎಂದು ಕೇಳಿ. ಉತ್ತರ ತಕ್ಷಣ ಬರದಿದ್ದರೆ, ಅಥವಾ ನಿಮಗೆ ಯಾವ ಉತ್ತರ ಹಿತವೋ ಅದನ್ನು ಊಹಿಸಿ ಹೇಳುತ್ತಿದ್ದಾರೆ ಎನ್ನಿಸಿದರೆ, ಅಲ್ಲಿಗೆ ಮುಗಿಯಿತು. ಬಂದು ಎರಡು ವಾರವಾದರೂ ಕಳೆದ, ಅಷ್ಟರಲ್ಲಿ ಸಾಯುವುದು ಸತ್ತು ಉಳಿದ ಮೀನೇ ಕೊಳ್ಳಲು ಯೋಗ್ಯವಾದದ್ದು. ಬೇರೆಯವರು ಆರಿಸಿ ಬಿಟ್ಟದ್ದೆಂದು ನಾನು ಹೀಗಳೆಯುತ್ತಿದ್ದುದು ಇದನ್ನೇ.

ಎಲ್ಲಿಂದ ಬಂತು ಎಂಬುದನ್ನೂ ಕೇಳಿ. ನಿಯಾನ್‌ಗಳು ಬಹುತೇಕ ಸಾಕಣೆ ಕೇಂದ್ರಗಳಲ್ಲಿ ಹುಟ್ಟಿದವು. ಅವುಗಳನ್ನೇ ಹೋಲುವ ಕಾರ್ಡಿನಲ್ ಟೆಟ್ರಾಗಳಲ್ಲಿ ಹಲವು ಇಂದಿಗೂ ಬ್ರೆಜಿಲಿನ ರಿಯೊ ನೀಗ್ರೊ ನದಿಯ ಮೆದುವಾದ, ಆಮ್ಲೀಯವಾದ ನೀರಿನಲ್ಲಿ ಹಿಡಿದು ತಂದವು. ನಿಮ್ಮ ನೀರು ಗಡುಸಾಗಿದ್ದರೆ ಇವೆರಡಕ್ಕೂ ಒಂದೇ ಉಪಚಾರ ಸಾಲದು, ಇದನ್ನು ತಾನಾಗಿಯೇ ಹೇಳುವ ವ್ಯಾಪಾರಿ ಅಪರೂಪ. ನಿಯಾನ್‌ಗಳ ವಿಷಯದಲ್ಲಿ ಇನ್ನೊಂದು ಎಚ್ಚರ: ಮಾಂಸಖಂಡದಲ್ಲಿ ಬೆಳ್ಳಗಿನ ಮಚ್ಚೆ, ಪಟ್ಟಿಯ ಬಣ್ಣ ಅಲ್ಲಲ್ಲಿ ತುಂಡಾಗಿರುವುದು, ಬೆನ್ನು ಬಾಗಿರುವುದು, ಹಿಂಡಿನಿಂದ ದೂರ ಒಂಟಿಯಾಗಿ ತೇಲುವುದು ಕಂಡರೆ ಆ ತೊಟ್ಟಿಯಿಂದ ಒಂದನ್ನೂ ತರಬೇಡಿ. ಅದು ನಿಯಾನ್ ಟೆಟ್ರಾ ರೋಗವಿರಬಹುದು, ಅದಕ್ಕೆ ಚಿಕಿತ್ಸೆಯಿಲ್ಲ.

ನಾನು ಗಮನಿಸದೆ ಹೋದ ಇನ್ನೊಂದು ಸಂಗತಿಯಿದೆ. ಆ ಹೊಳೆಯುವ ಅಂಗಡಿಯ ತೊಟ್ಟಿಗಳೆಲ್ಲ ಕೆಳಗಿನ ಒಂದೇ ದೊಡ್ಡ ಫಿಲ್ಟರಿಗೆ ಸೇರಿದ್ದವು. ಇದರಿಂದ ನೀರು ಕನ್ನಡಿಯಂತೆ ತಿಳಿಯಾಗಿರುತ್ತದೆ, ಉಷ್ಣತೆಯೂ ಎಲ್ಲೆಡೆ ಒಂದೇ ಇರುತ್ತದೆ; ಜೊತೆಗೆ ಮೂಲೆಯ ತೊಟ್ಟಿಯ ಗಪ್ಪಿಯ ರೋಗ ಈ ತುದಿಯ ನಿಯಾನ್‌ಗೂ ತಲುಪುತ್ತದೆ. ನೀರಿನ ರೋಗಾಣುಗಳನ್ನು ಕೊಲ್ಲುವ ಯುವಿ ದೀಪ ಅಳವಡಿಸಿದ್ದರೆ ಅಪಾಯ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಆದ್ದರಿಂದ ನೀವು ಕೊಳ್ಳುವ ತೊಟ್ಟಿಯೊಂದನ್ನೇ ನೋಡದೆ ಇಡೀ ಸಾಲನ್ನು ನೋಡಿ. ಗಪ್ಪಿಗಳ ಮಲದ್ವಾರದಿಂದ ಕೆಂಪು ದಾರದಂಥದ್ದು ಇಣುಕುತ್ತಿದ್ದರೆ ಅದು ಕ್ಯಾಮಲಾನಸ್ ಜಂತು. ಬದಿಯಿಂದ ಬೆಳಕು ಬಿದ್ದಾಗ ಮೈಮೇಲೆ ಚಿನ್ನದ ಹುಡಿ ಎರಚಿದಂತೆ ಕಂಡರೆ ವೆಲ್ವೆಟ್ ರೋಗ. ರೆಕ್ಕೆಗಳನ್ನು ಮೈಗೆ ಅಂಟಿಸಿಕೊಂಡಿರುವುದು, ಕಿವಿರು ಬಿರುಸಾಗಿ ಬಡಿಯುವುದು, ಹೊಟ್ಟೆ ಒಳಗೆ ಕುಸಿದಿರುವುದು, ಇವಕ್ಕೆ ಹೆಸರು ತಿಳಿಯಬೇಕಾದ ಅಗತ್ಯವೇ ಇಲ್ಲ, ಹೊರಟುಬಿಡಿ. ನೀರು ನೀಲಿಯಾಗಿಯೋ ಹಳದಿಯಾಗಿಯೋ ಇದ್ದರೆ ಅಲ್ಲಿ ಔಷಧ ನಡೆಯುತ್ತಿದೆ; ಔಷಧ ಹಾಕುವುದು ತಪ್ಪಲ್ಲ, ಆ ತೊಟ್ಟಿಯ ಮೀನನ್ನು ಅದೇ ದಿನ ಮಾರುವುದು ತಪ್ಪು. ಒಂದೇ ಬಲೆಯನ್ನು ತೊಳೆಯದೆ ತೊಟ್ಟಿಯಿಂದ ತೊಟ್ಟಿಗೆ ಅದ್ದುತ್ತಾರೆಯೇ ಎಂಬುದನ್ನು ಸುಮ್ಮನೆ ನಿಂತು ನೋಡಿ. ಕೊನೆಗೆ, ಒಂದು ಚಿಟಿಕೆ ಆಹಾರ ಹಾಕಿ ತೋರಿಸಿ ಎಂದು ಕೇಳಿ. ತಿನ್ನದ ಮೀನನ್ನು ತರಬಾರದು, ಅದರ ಬಣ್ಣ ಎಷ್ಟೇ ಚೆನ್ನಾಗಿರಲಿ.

ಬೆಳೆಯುವ ಗಾತ್ರವನ್ನು ಗಾಜಿಗೆ ಅಂಟಿಸಿದರೆ ಸಾಲದು, ಮಾರುವಾಗಲೂ ಅದು ನೆನಪಿರಬೇಕು. ಬೆರಳುದ್ದದ ಮಾಮೂಲಿ ಪ್ಲೆಕೋ ಮೀನನ್ನು ಪಾಚಿ ತಿನ್ನಲೆಂದು ಕೊಡುತ್ತಾರೆ. ಅದು 30 ಸೆಂಟಿಮೀಟರ್ ದಾಟಿ ಬೆಳೆಯುತ್ತದೆ. ಕೆಂಪು ಬಾಲದ ಕ್ಯಾಟ್‌ಫಿಶ್ ಒಂದು ಮೀಟರನ್ನೂ ಮೀರುತ್ತದೆ. ನಿಮ್ಮ ತೊಟ್ಟಿ ಎಷ್ಟು ಲೀಟರಿನದು ಎಂದು ಕೇಳದೆ ಇವನ್ನು ಪ್ಯಾಕೆಟ್ಟಿಗೆ ಹಾಕುವವರ ಮಾತನ್ನು ನಿಯಾನ್ ವಿಷಯದಲ್ಲೂ ನಾನು ನಂಬುವುದಿಲ್ಲ. ಗಾಜಿನಂತೆ ಪಾರದರ್ಶಕವಾದ ಗ್ಲಾಸ್‌ಫಿಶ್‌ಗೆ ಸೂಜಿಯಿಂದ ಬಣ್ಣ ಚುಚ್ಚಿ ಮಾರುವ ಕಡೆ ನಾನು ಆಹಾರದ ಡಬ್ಬಿಯನ್ನೂ ಕೊಳ್ಳುವುದಿಲ್ಲ.

ಜಾಲತಾಣದ ನಕ್ಷತ್ರಗಳನ್ನು ನೋಡಿ ಅಂಗಡಿ ಆರಿಸುವ ಯೋಚನೆಯಿದ್ದರೆ ಬಿಟ್ಟುಬಿಡಿ. ಐದು ನಕ್ಷತ್ರ ಕೊಡುವವರು ಹೆಚ್ಚಾಗಿ ಕೊಂಡ ದಿನವೇ ಕೊಟ್ಟಿರುತ್ತಾರೆ, ಆಗ ಮೀನು ಬದುಕಿಯೇ ಇರುತ್ತದೆ. ಒಂದು ನಕ್ಷತ್ರ ಕೊಡುವವರಲ್ಲಿ ಅನೇಕರು ತಮ್ಮ ತೊಟ್ಟಿಯ ದೋಷವನ್ನು ಅಂಗಡಿಯ ತಲೆಗೆ ಕಟ್ಟಿರುತ್ತಾರೆ. ಇದನ್ನು ನಿಮಗೂ ಹೇಳುತ್ತಿದ್ದೇನೆ, ಬೇಸರ ಬೇಡ. ತೊಟ್ಟಿ ಇಟ್ಟು ಎಷ್ಟು ದಿನವಾಯಿತೆಂದು ನಿಮ್ಮ ಪ್ರಶ್ನೆಯಲ್ಲಿ ಇಲ್ಲ. ಹೊಸ ಫಿಲ್ಟರಿನಲ್ಲಿ ಅಮೋನಿಯಾವನ್ನು ನೈಟ್ರೈಟ್ ಆಗಿಯೂ, ನೈಟ್ರೈಟನ್ನು ಅಷ್ಟು ವಿಷವಲ್ಲದ ನೈಟ್ರೇಟ್ ಆಗಿಯೂ ಬದಲಿಸುವ ಬ್ಯಾಕ್ಟೀರಿಯಾಗಳು ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಹಿಡಿಯುತ್ತದೆ. ಅದಕ್ಕೂ ಮೊದಲು ಬಿಟ್ಟರೆ ಎಂಥ ಒಳ್ಳೆಯ ಅಂಗಡಿಯ ಮೀನಾದರೂ ವಾರದೊಳಗೆ ಹೋಗಬಹುದು. ಪರೀಕ್ಷೆಯ ಕಿಟ್ ತಂದು ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ತೋರಿಸುತ್ತವೆಯೇ ಎಂದು ನೋಡಿ. ತೋರಿಸದಿದ್ದರೆ ಸದ್ಯಕ್ಕೆ ನಿಮಗೆ ಯಾವ ಅಂಗಡಿಯೂ ಬೇಡ.

ನನ್ನ ಎರಡನೆಯ ತಪ್ಪು, ಹೊಸಬರನ್ನು ನೇರವಾಗಿ ಹಳಬರ ನಡುವೆ ಬಿಟ್ಟದ್ದು. ಒಂದು ಸಾದಾ ಗಾಜಿನ ತೊಟ್ಟಿ, ದೊಡ್ಡ ತೊಟ್ಟಿಯಲ್ಲಿ ಮೊದಲೇ ಇಟ್ಟು ಪಳಗಿಸಿದ ಸ್ಪಾಂಜ್ ಫಿಲ್ಟರ್, ಒಂದು ಹೀಟರ್, ಅಡಗಲು ಪಿವಿಸಿ ಕೊಳವೆಯ ತುಂಡು, ಬೇರೆಯದೇ ಬಲೆ: ಕ್ವಾರಂಟೈನ್‌ಗೆ ಇಷ್ಟು ಸಾಕು. ಮರಳು ಬೇಡ, ಬರಿಯ ತಳದಲ್ಲಿ ಮಲದ ಬಣ್ಣವೂ ತಿನ್ನದೆ ಉಳಿದ ಆಹಾರವೂ ಕಾಣುತ್ತದೆ. ಅಲ್ಲಿ ಕನಿಷ್ಠ ಎರಡು ವಾರ, ಸಾಧ್ಯವಾದರೆ ನಾಲ್ಕು ವಾರ ಇಟ್ಟು ನೋಡಿ. ಪ್ಯಾಕೆಟ್ಟಿನ ನೀರನ್ನು ಮಾತ್ರ ಯಾವ ತೊಟ್ಟಿಗೂ ಸುರಿಯಬೇಡಿ. ಉಷ್ಣತೆ ಸರಿಹೊಂದಿದ ಮೇಲೆ ಮೀನನ್ನು ಬಲೆಯಲ್ಲಿ ಎತ್ತಿಬಿಡಿ. ಇದಿಷ್ಟನ್ನು ಪಾಲಿಸುವವರಿಗೆ ಸಾಧಾರಣ ಅಂಗಡಿಯೂ ನಡೆಯುತ್ತದೆ.

ದೊಡ್ಡ ಅಂಗಡಿಯೋ ಸಣ್ಣದೋ ಎಂಬುದರಲ್ಲಿ ನನಗೆ ಹುರುಳು ಕಾಣುವುದಿಲ್ಲ. ದೊಡ್ಡ ಅಂಗಡಿಯಲ್ಲಿ ಸರಕು ಬೇಗ ಖಾಲಿಯಾಗುವುದರಿಂದ ಹಳೆಯ ಮೀನು ಸಿಗುವುದು ಕಷ್ಟ. ಸಣ್ಣ ಅಂಗಡಿಯಲ್ಲಿ ಎಲ್ಲವೂ ಒಬ್ಬರ ಶಿಸ್ತಿನ ಮೇಲೆ ನಿಂತಿರುತ್ತದೆ. ಗ್ಯಾರಂಟಿ ಕೊಡುತ್ತಾರೆಯೇ ಎಂದು ಕೇಳುವುದಾದರೆ ಅದರ ಷರತ್ತನ್ನೂ ಕೇಳಿ. ಸತ್ತ ಮೀನನ್ನು ತಂದರೆ ಮರುಮಾತಿಲ್ಲದೆ ಇನ್ನೊಂದನ್ನು ಕೊಡುವವರಿಗಿಂತ, ಅದರ ಜೊತೆಗೆ ನಿಮ್ಮ ತೊಟ್ಟಿಯ ನೀರನ್ನೂ ಒಂದು ಬಾಟಲಿಯಲ್ಲಿ ತನ್ನಿ, ಪರೀಕ್ಷಿಸಿ ನೋಡಿ ಕೊಡುತ್ತೇನೆ ಎನ್ನುವವರ ಬಳಿ ನಾನಾದರೆ ಮೀನು ಕೊಳ್ಳುತ್ತೇನೆ.