ಹೃದಯ, ರಕ್ತನಾಳ, ವಂಶವಾಹಿ: ಓದುಗರ ಪ್ರಶ್ನೆ, ತಜ್ಞರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಜೀನ್ ವರದಿ ಮತ್ತು ಕೊಲೆಸ್ಟರಾಲ್ ಅಂಕಿಗಳ ಸುತ್ತಲೇ ಇದ್ದವು. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ನನಗೆ 34 ವರ್ಷ. ತೂಕ ಹದವಾಗಿದೆ, ಊಟದಲ್ಲಿ ಜಿಡ್ಡು ಕಡಿಮೆ, ದಿನಾ ನಡೆಯುತ್ತೇನೆ. ಆದರೂ ‘ಕೆಟ್ಟ ಕೊಲೆಸ್ಟರಾಲ್’ ಎನ್ನುವ ಎಲ್‌ಡಿಎಲ್ 228 ಬಂದಿದೆ. ಅಪ್ಪನಿಗೆ 46ಕ್ಕೇ ಹೃದಯಾಘಾತವಾಗಿತ್ತು. ಪಥ್ಯ ಇನ್ನೂ ಬಿಗಿ ಮಾಡಿದರೆ ಇಳಿಯುತ್ತದೆಯೇ? ಜೀನ್ ಪರೀಕ್ಷೆ ಬೇಕೇ?

ಉತ್ತರ: ಪಥ್ಯವೊಂದರಿಂದಲೇ ಇಳಿಯುವ ಅಂಕಿ ಇದಲ್ಲ. ಊಟ ಬದಲಿಸಿದರೆ ಸಾಮಾನ್ಯವಾಗಿ ಶೇ 10–15ರಷ್ಟು ಇಳಿದೀತು. 190 ಮಿ.ಗ್ರಾಂ ದಾಟಿದ ಎಲ್‌ಡಿಎಲ್ ಜೊತೆಗೆ ಹತ್ತಿರದ ನೆಂಟರಲ್ಲಿ ಚಿಕ್ಕ ವಯಸ್ಸಿನ ಹೃದಯಾಘಾತವೂ ಇದ್ದರೆ ಮೊದಲು ಅನುಮಾನಿಸಬೇಕಾದದ್ದು ವಂಶಪಾರಂಪರ್ಯದ ಅಧಿಕ ಕೊಲೆಸ್ಟರಾಲ್ ಕಾಯಿಲೆಯನ್ನು. ಇದು ಸುಮಾರು 250 ಜನರಲ್ಲಿ ಒಬ್ಬರಿಗಿರುತ್ತದೆ, ಅಪರೂಪವೇನಲ್ಲ. ಅದಕ್ಕೂ ಮುಂಚೆ ಥೈರಾಯ್ಡ್, ಮೂತ್ರದ ಪ್ರೋಟೀನ್ ಮತ್ತು ಲಿವರ್ ಪರೀಕ್ಷೆ ಮಾಡಿಸಿ. ಥೈರಾಯ್ಡ್ ಮಂದವಾಗಿದ್ದರೂ, ಮೂತ್ರದಲ್ಲಿ ಪ್ರೋಟೀನ್ ವಿಪರೀತ ಸೋರುತ್ತಿದ್ದರೂ, ಪಿತ್ತರಸದ ಹರಿವು ಕಟ್ಟಿಕೊಂಡಿದ್ದರೂ ಎಲ್‌ಡಿಎಲ್ ಇಷ್ಟಕ್ಕೆ ಏರಬಲ್ಲದು.

ಒಳಗೆ ನಡೆಯುವುದು ಇಷ್ಟು. ಪ್ರತಿಯೊಂದು ಎಲ್‌ಡಿಎಲ್ ಕಣಕ್ಕೂ ಅಪೊಬಿ-100 ಎಂಬ ಒಂದೇ ಒಂದು ಪ್ರೋಟೀನ್ ಸುತ್ತಿಕೊಂಡಿರುತ್ತದೆ. ಲಿವರ್ ಕೋಶದ ಮೇಲ್ಮೈಯಲ್ಲಿರುವ ಗ್ರಾಹಕ (ರಿಸೆಪ್ಟರ್) ಆ ಪ್ರೋಟೀನನ್ನು ಗುರುತಿಸಿ ಕಣವನ್ನು ಹಿಡಿದು ಕೋಶದೊಳಗೆ ಎಳೆದುಕೊಳ್ಳುತ್ತದೆ. ಒಳಗಿನ ಆಮ್ಲೀಯ ಚೀಲದಲ್ಲಿ ಹಿಡಿತ ಸಡಿಲವಾಗುತ್ತದೆ. ಕಣ ಜೀರ್ಣವಾಗುತ್ತದೆ, ಗ್ರಾಹಕ ಮಾತ್ರ ಮೇಲ್ಮೈಗೆ ಮರಳುತ್ತದೆ. ಇಡೀ ಸುತ್ತಿಗೆ ಹತ್ತು ನಿಮಿಷದ ಆಸುಪಾಸು. ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್ ಇದನ್ನು ಬಿಡಿಸಿ ತೋರಿಸಿ 1985ರಲ್ಲಿ ನೊಬೆಲ್ ಪಡೆದರು.

ಕೆಡುವುದು ಈ ಸುತ್ತಿನ ಯಾವ ಹಂತದಲ್ಲಾದರೂ ಆಗಬಹುದು. ಕೆಲವರಲ್ಲಿ ಗ್ರಾಹಕ ತಯಾರಾಗುವುದೇ ಇಲ್ಲ, ಕೆಲವರಲ್ಲಿ ತಯಾರಾದದ್ದು ಮೇಲ್ಮೈವರೆಗೆ ಬರದೆ ಒಳಗೇ ಸಿಕ್ಕಿಬೀಳುತ್ತದೆ. ಮೇಲೆ ಬಂದರೂ ಕಣಕ್ಕೆ ಅಂಟದಿರುವುದು, ಅಂಟಿದರೂ ಒಳಗೆ ಎಳೆದುಕೊಳ್ಳದಿರುವುದು, ಒಳಗೆ ಹೋದದ್ದು ಮರಳದಿರುವುದು, ಇವೂ ಉಂಟು. ಗ್ರಾಹಕದ ಜೀನ್ ಒಂದರಲ್ಲೇ ಎರಡು ಸಾವಿರಕ್ಕೂ ಹೆಚ್ಚು ಬದಲಾವಣೆಗಳು ದಾಖಲಾಗಿವೆ. ತಂದೆಯಿಂದಲೋ ತಾಯಿಯಿಂದಲೋ ಕೆಟ್ಟ ಪ್ರತಿ ಒಂದು ಬಂದರೂ ಕೆಲಸ ಮಾಡುವ ಗ್ರಾಹಕಗಳು ಸುಮಾರು ಅರ್ಧಕ್ಕಿಳಿಯುತ್ತವೆ. ರಕ್ತದಲ್ಲಿ ಎಲ್‌ಡಿಎಲ್ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ, ಅದೂ ಹುಟ್ಟಿದ ದಿನದಿಂದಲೇ. ಅಪಾಯ ಇರುವುದು ಅಲ್ಲಿ. ಅಪಧಮನಿಯ ಗೋಡೆಗೆ ಇಂದಿನ ಅಂಕಿಗಿಂತ ಅಷ್ಟೂ ವರ್ಷ ಸೇರಿ ಬಿದ್ದ ಹೊರೆಯೇ ಮುಖ್ಯ. 55ಕ್ಕೆ ಹೊಸದಾಗಿ 190 ಆದವರಿಗೂ ನಿಮಗೂ ಅದೇ ವ್ಯತ್ಯಾಸ.

ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ಗಂಟುಗಂಟಾಗಿ ದಪ್ಪವಾಗಿದೆಯೇ, ಕಣ್ಣಿನ ಕಪ್ಪುಗುಡ್ಡೆಯ ಅಂಚಿನಲ್ಲಿ ಬೂದು ಬಳೆ ಕಾಣುತ್ತದೆಯೇ ಎಂದು ವೈದ್ಯರಿಂದ ನೋಡಿಸಿ. 45ಕ್ಕೂ ಮೊದಲು ಆ ಬಳೆ ಕಂಡರೆ ಅದು ಗಟ್ಟಿ ಸುಳಿವು.

ಜೀನ್ ಪರೀಕ್ಷೆ ಮಾಡಿಸಿ, ಆದರೆ ವರದಿಗಾಗಿ ಚಿಕಿತ್ಸೆ ತಡಮಾಡಬೇಡಿ. ಲಕ್ಷಣಗಳು ಸ್ಪಷ್ಟವಾಗಿರುವವರಲ್ಲೂ ಎಷ್ಟೋ ಸಲ ವರದಿ ಖಾಲಿ ಬರುತ್ತದೆ. ಹತ್ತಾರು ಸಣ್ಣ ಬದಲಾವಣೆಗಳು ಕೂಡಿ ಎಲ್‌ಡಿಎಲ್ ಏರಿಸಿರುತ್ತವೆ. ಪರೀಕ್ಷೆಯ ನಿಜವಾದ ಲಾಭ ಮನೆಯವರಿಗೆ. ನಿಮ್ಮಲ್ಲಿ ದೋಷ ಸಿಕ್ಕರೆ ಒಡಹುಟ್ಟಿದವರಿಗೂ ಮಕ್ಕಳಿಗೂ ಅದು ಇರುವ ಸಾಧ್ಯತೆ ತಲಾ ಶೇ 50. ಆ ಒಂದು ಜಾಗವನ್ನಷ್ಟೇ ಹುಡುಕಿದರೆ ಸಾಕು. ಮಕ್ಕಳ ಕೊಲೆಸ್ಟರಾಲನ್ನು 2 ವರ್ಷದ ನಂತರ ನೋಡಬಹುದು, ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಸಾಮಾನ್ಯವಾಗಿ 8ರಿಂದ 10ರ ವಯಸ್ಸಿನಲ್ಲಿ ಶುರುವಾಗುತ್ತದೆ. ನಿಮ್ಮ ಗುರಿ ಎಲ್‌ಡಿಎಲನ್ನು ಕನಿಷ್ಠ ಅರ್ಧಕ್ಕೆ ಇಳಿಸಿ, ಸಾಧ್ಯವಾದರೆ 70ರ ಕೆಳಗೆ ಇಡುವುದು. ಗರ್ಭಧಾರಣೆಯ ಯೋಚನೆ ಇರುವ ಮಹಿಳೆಯರು ಸ್ಟ್ಯಾಟಿನ್ ಬಗ್ಗೆ ಮುಂಚೆಯೇ ವೈದ್ಯರೊಂದಿಗೆ ಮಾತಾಡಬೇಕು.

ಪ್ರಶ್ನೆ: ಮೊದಲು ಎಲ್‌ಡಿಎಲ್ 180 ಇತ್ತು. ಅಟೊರ್ವಾಸ್ಟಾಟಿನ್ 20 ಮಿ.ಗ್ರಾಂನಲ್ಲಿ 104ಕ್ಕೆ ಬಂತು. ಡೋಸ್ 40 ಮಾಡಿದರೂ 94ಕ್ಕೇ ನಿಂತಿದೆ. ಮಾತ್ರೆ ಕಳಪೆಯದೇ?

ಉತ್ತರ: ಮಾತ್ರೆ ಸರಿಯಾಗಿಯೇ ಕೆಲಸ ಮಾಡುತ್ತಿದೆ. ಸ್ಟ್ಯಾಟಿನ್ ಡೋಸ್ ದುಪ್ಪಟ್ಟು ಮಾಡಿದಾಗಲೆಲ್ಲ ಸಿಗುವುದು ಮೂಲ ಅಂಕಿಯ ಸುಮಾರು ಶೇ 6ರಷ್ಟು ಹೆಚ್ಚುವರಿ ಇಳಿಕೆ ಮಾತ್ರ. 180ರ ಶೇ 6 ಎಂದರೆ 11ರ ಹತ್ತಿರ. ನಿಮಗೆ ಇಳಿದದ್ದು 10.

ಹೀಗೇಕೆ? ಸ್ಟ್ಯಾಟಿನ್ ಲಿವರ್ ಕೋಶದೊಳಗೆ ಕೊಲೆಸ್ಟರಾಲ್ ತಯಾರಿಸುವ ಕಿಣ್ವವನ್ನು ತಡೆಯುತ್ತದೆ. ಒಳಗೆ ಕೊರತೆಯಾದ ಕೂಡಲೇ ಎಸ್‌ಆರ್‌ಇಬಿಪಿ-2 ಎಂಬ ಪ್ರೋಟೀನ್ ತುಂಡಾಗಿ, ಅದರ ಒಂದು ಭಾಗ ಕೋಶಕೇಂದ್ರಕ್ಕೆ ಹೋಗಿ ಗ್ರಾಹಕದ ಜೀನನ್ನು ಚುರುಕುಗೊಳಿಸುತ್ತದೆ. ಮೇಲ್ಮೈಯಲ್ಲಿ ಗ್ರಾಹಕ ಹೆಚ್ಚಿ ರಕ್ತದ ಎಲ್‌ಡಿಎಲ್ ಇಳಿಯುತ್ತದೆ. ಆದರೆ ಅದೇ ತುಂಡು ಪಿಸಿಎಸ್‌ಕೆ9 ಎಂಬ ಇನ್ನೊಂದು ಜೀನನ್ನೂ ಚುರುಕುಗೊಳಿಸುತ್ತದೆ. ಆ ಪ್ರೋಟೀನ್ ಗ್ರಾಹಕಕ್ಕೆ ಅಂಟಿಕೊಂಡರೆ ಗ್ರಾಹಕ ಮೇಲ್ಮೈಗೆ ಮರಳುವ ಬದಲು ಕೋಶದೊಳಗೇ ನಾಶವಾಗುತ್ತದೆ. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡ ಹಾಗೆ.

ಪಿಸಿಎಸ್‌ಕೆ9 ಅತಿಯಾಗಿ ಕೆಲಸ ಮಾಡುವ ಕುಟುಂಬಗಳನ್ನು 2003ರಲ್ಲಿ ಫ್ರಾನ್ಸಿನಲ್ಲಿ ಗುರುತಿಸಲಾಯಿತು. ಅವರ ಎಲ್‌ಡಿಎಲ್ ತುಂಬಾ ಹೆಚ್ಚಿತ್ತು. ಇದರ ತಿರುವು ಮುರುವು 2006ರಲ್ಲಿ ಹೊರಬಂತು. ಈ ಜೀನಿನ ಒಂದು ಪ್ರತಿ ಕೆಲಸ ಮಾಡದ ಆಫ್ರಿಕನ್ ಮೂಲದ ಅಮೆರಿಕನ್ನರಲ್ಲಿ ಎಲ್‌ಡಿಎಲ್ ಶೇ 28 ಕಡಿಮೆ, ಹೃದಯದ ರಕ್ತನಾಳದ ಕಾಯಿಲೆ ಶೇ 88 ಕಡಿಮೆ! ಮಾತ್ರೆಯಿಂದ ಅಷ್ಟೇ ಎಲ್‌ಡಿಎಲ್ ಇಳಿಸಿದರೂ ಕೆಲವೇ ವರ್ಷಗಳಲ್ಲಿ ಅಷ್ಟು ಲಾಭ ಸಿಗುವುದಿಲ್ಲ; ಅವರಿಗೆ ಅದು ಹುಟ್ಟಿನಿಂದ ಕಡಿಮೆ ಇತ್ತು.

ಹಾಗಾಗಿ 40ರಿಂದ 80ಕ್ಕೆ ಹಾರುವ ಮುಂಚೆ ಎಜೆಟಿಮೈಬ್ 10 ಮಿ.ಗ್ರಾಂ ಸೇರಿಸುವ ಬಗ್ಗೆ ಕೇಳಿ. ಕರುಳಿನಲ್ಲಿ ಕೊಲೆಸ್ಟರಾಲ್ ಹೀರಿಕೆಯನ್ನು ಅದು ತಡೆಯುತ್ತದೆ, ಈಗಿನ ಅಂಕಿಯಿಂದ ಇನ್ನೂ ಶೇ 20ರ ಹತ್ತಿರ ಇಳಿಸುತ್ತದೆ. ಅದೂ ಸಾಲದಿದ್ದರೆ ಪಿಸಿಎಸ್‌ಕೆ9 ತಡೆಯುವ ಚುಚ್ಚುಮದ್ದುಗಳಿವೆ. ಅಲಿರೊಕುಮ್ಯಾಬ್, ಎವೊಲೊಕುಮ್ಯಾಬ್ ಎರಡು ಅಥವಾ ನಾಲ್ಕು ವಾರಕ್ಕೊಮ್ಮೆ. ಇನ್‌ಕ್ಲಿಸಿರಾನ್ ಆ ಪ್ರೋಟೀನ್ ತಯಾರಾಗದಂತೆ ಅದರ ತಯಾರಿಕೆಯ ಸಂದೇಶ ಒಯ್ಯುವ ಎಂಆರ್‌ಎನ್‌ಎಯನ್ನೇ ಒಡೆಯುತ್ತದೆ. ಮೊದಲ ದಿನ, ಮೂರು ತಿಂಗಳಿಗೆ, ಆಮೇಲೆ ಆರು ತಿಂಗಳಿಗೊಮ್ಮೆ.

ಪ್ರಶ್ನೆ: ನನ್ನ ಎಚ್‌ಡಿಎಲ್ 72. ‘ಒಳ್ಳೆಯ ಕೊಲೆಸ್ಟರಾಲ್’ ಇಷ್ಟಿರುವಾಗ ಎಲ್‌ಡಿಎಲ್ 165 ಇದ್ದರೂ ನಡೆಯುತ್ತದಲ್ಲವೇ?

ಉತ್ತರ: ಇಲ್ಲ. ಜೀನಿನ ಕಾರಣದಿಂದಲೇ ಎಚ್‌ಡಿಎಲ್ ಹೆಚ್ಚಿರುವವರಿಗೆ ಹೃದಯಾಘಾತ ಕಡಿಮೆಯೇನೂ ಆಗಿಲ್ಲ. ಔಷಧ ಕೊಟ್ಟು ಅದನ್ನು ಏರಿಸಿದ ಪ್ರಯೋಗಗಳೂ ಒಂದರ ಹಿಂದೊಂದು ನಿರಾಸೆ ತಂದವು. 165 ಅನ್ನು 165 ಎಂದೇ ಓದಿ.

ಪ್ರಶ್ನೆ: ಅಣ್ಣನಿಗೆ 41ಕ್ಕೆ ಹೃದಯಾಘಾತವಾಯಿತು, ಎಲ್‌ಡಿಎಲ್ 110 ಅಷ್ಟೇ. ಆಮೇಲೆ ನೋಡಿದಾಗ ಅವನ ಲೈಪೊಪ್ರೋಟೀನ್-ಎ 96 ಮಿ.ಗ್ರಾಂ. ನಾನೂ ಮಾಡಿಸಬೇಕೇ?

ಉತ್ತರ: ಮಾಡಿಸಿ, ಒಂದೇ ಸಲ ಸಾಕು. ಇದರ ಮಟ್ಟದ ಸುಮಾರು ಶೇ 90 ಭಾಗ ಜೀನಿನಿಂದಲೇ ನಿರ್ಧಾರವಾಗುತ್ತದೆ. ಊಟ, ವ್ಯಾಯಾಮಕ್ಕೆ ಅದು ಜಗ್ಗುವುದಿಲ್ಲ.

ಎಲ್‌ಡಿಎಲ್‌ನಂಥದೇ ಕಣಕ್ಕೆ ಅಪೊ-ಎ ಎಂಬ ಉದ್ದನೆಯ ಪ್ರೋಟೀನ್ ಒಂದು ಗಂಧಕದ ಬಂಧದಿಂದ ಅಂಟಿಕೊಂಡಿರುತ್ತದೆ. 6ನೇ ಕ್ರೋಮೊಸೋಮಿನಲ್ಲಿರುವ ಅದರ ಜೀನಿನಲ್ಲಿ ಒಂದೇ ತುಣುಕು ಮತ್ತೆ ಮತ್ತೆ ಬರುತ್ತದೆ, ಕೆಲವರಲ್ಲಿ ಕೆಲವೇ ಸಲ, ಕೆಲವರಲ್ಲಿ ನಲವತ್ತಕ್ಕೂ ಹೆಚ್ಚು ಸಲ. ತುಣುಕು ಕಡಿಮೆಯಿದ್ದಷ್ಟೂ ಪ್ರೋಟೀನ್ ಗಿಡ್ಡ; ಗಿಡ್ಡದಾದಷ್ಟೂ ಲಿವರ್ ಅದನ್ನು ಬೇಗ ಹೊರಬಿಡುತ್ತದೆ, ರಕ್ತದಲ್ಲಿ ಮಟ್ಟ ಏರುತ್ತದೆ. ಉರಿಯೂತ ಕೆರಳಿಸುವ ಆಕ್ಸಿಡೀಕೃತ ಕೊಬ್ಬನ್ನು ಈ ಕಣ ಹೊತ್ತು ತಿರುಗುತ್ತದೆ. ಮಹಾಪಧಮನಿಯ ಕವಾಟ ಗಡುಸಾಗುವುದಕ್ಕೂ ಇದು ಕಾರಣ, ಆದ್ದರಿಂದ ನಿಮ್ಮಣ್ಣನಿಗೆ ಎಕೋ ಮಾಡುವಾಗ ಕವಾಟವನ್ನೂ ಗಮನಿಸಲು ಹೇಳಿ.

50 ಮಿ.ಗ್ರಾಂ ಅಥವಾ 125 ನ್ಯಾನೊಮೋಲ್ ದಾಟಿದರೆ ಹೆಚ್ಚು ಎಂದು ಲೆಕ್ಕ. ಪ್ರೋಟೀನಿನ ಉದ್ದ ಒಬ್ಬೊಬ್ಬರಲ್ಲೂ ಬೇರೆಯಾದ್ದರಿಂದ ಒಂದು ಮಾನವನ್ನು ಗುಣಿಸಿ ಇನ್ನೊಂದಕ್ಕೆ ಬದಲಿಸಬೇಡಿ. ಸ್ಟ್ಯಾಟಿನ್ ಇದನ್ನು ಇಳಿಸುವುದಿಲ್ಲ. ಹಾಗೆಂದು ಸ್ಟ್ಯಾಟಿನ್ ಬಿಡುವುದು ದೊಡ್ಡ ತಪ್ಪಾದೀತು: ಬದಲಿಸಲಾಗದ ಒಂದು ಅಪಾಯ ಇದ್ದಾಗ ಎಲ್‌ಡಿಎಲ್, ರಕ್ತದೊತ್ತಡ, ಸಕ್ಕರೆ, ಹೊಗೆಸೊಪ್ಪನ್ನು ಇನ್ನಷ್ಟು ಬಿಗಿಯಾಗಿ ಹಿಡಿಯಬೇಕು.

ಪ್ರಶ್ನೆ: ತಂಗಿಯ ಹೃದಯದ ಗೋಡೆ 19 ಮಿ.ಮೀ. ದಪ್ಪವಾಗಿದೆ, ಹೈಪರ್‌ಟ್ರೋಫಿಕ್ ಕಾರ್ಡಿಯೊಮಯೋಪತಿ ಎಂದರು. ಅವಳ ಜೀನ್ ವರದಿಯಲ್ಲಿ ಎಂವೈಬಿಪಿಸಿ3ರಲ್ಲಿ ‘ಮಹತ್ವ ಖಚಿತವಿಲ್ಲದ ಬದಲಾವಣೆ’ ಎಂದಿದೆ. ನನ್ನಲ್ಲಿ ಅದು ಇಲ್ಲ. ನಿಶ್ಚಿಂತೆಯಿಂದ ಇರಬಹುದೇ?

ಉತ್ತರ: ಸದ್ಯಕ್ಕೆ ಬೇಡ. ‘ರೋಗಕಾರಕ’ ಎಂದು ಖಚಿತವಾದ ಬದಲಾವಣೆ ನಿಮ್ಮಲ್ಲಿ ಇಲ್ಲದಿದ್ದರೆ ಮಾತ್ರ ತಪಾಸಣೆ ಬಿಡಬಹುದು. ತಂಗಿಯ ಕಾಯಿಲೆಗೆ ನಿಜವಾದ ಕಾರಣ ಬೇರೆ ಜೀನಿನಲ್ಲಿದ್ದು, ನಿಮಗೂ ಬಂದಿರಬಹುದು. ಇಸಿಜಿ ಮತ್ತು ಎಕೋ ಈಗೊಮ್ಮೆ, ಆಮೇಲೆ 3–5 ವರ್ಷಕ್ಕೊಮ್ಮೆ ಮಾಡಿಸಿ. ಅವಳ ಮಕ್ಕಳಿಗೆ 1–2 ವರ್ಷಕ್ಕೊಮ್ಮೆ. ಹತ್ತಿರದ ನೆಂಟರಲ್ಲಿ ಗೋಡೆ 13 ಮಿ.ಮೀ. ಮುಟ್ಟಿದರೂ ಅನುಮಾನಿಸಬೇಕು, ಉಳಿದವರಲ್ಲಿ 15ರ ಗಡಿ. ವರದಿಯ ಅರ್ಥ ಎರಡು ಮೂರು ವರ್ಷದಲ್ಲಿ ಬದಲಾಗುವುದುಂಟು, ಪ್ರಯೋಗಾಲಯವನ್ನು ಮತ್ತೆ ಕೇಳಿ.

ಎಂವೈಬಿಪಿಸಿ3 ಜೀನಿನ ಪ್ರೋಟೀನ್ ಹೃದಯದ ಸ್ನಾಯುವಿನಲ್ಲಿ, ಸ್ನಾಯುವನ್ನು ಎಳೆದು ಕುಗ್ಗಿಸುವ ಮಯೋಸಿನ್ ಎಂಬ ಪ್ರೋಟೀನ್‌ಗೆ ಕಡಿವಾಣ ಹಾಕುತ್ತದೆ. ಅದು ಅರ್ಧ ಕಡಿಮೆಯಾದರೆ ವಿಶ್ರಾಂತಿಯಲ್ಲಿರಬೇಕಾದ ಮಯೋಸಿನ್ ಕೂಡ ಎಳೆಯಲು ತೊಡಗುತ್ತದೆ: ಹೃದಯ ಬಲವಾಗಿ ಕುಗ್ಗುತ್ತದೆ, ಸರಿಯಾಗಿ ಸಡಿಲವಾಗುವುದಿಲ್ಲ, ಶಕ್ತಿ ಪೋಲಾಗುತ್ತದೆ. 2022ರಲ್ಲಿ ಅಮೆರಿಕದಲ್ಲಿ ಅನುಮೋದನೆ ಪಡೆದ ಮಾವಾಕ್ಯಾಮ್ಟೆನ್ ಎಂಬ ಔಷಧ ಮಯೋಸಿನನ್ನೇ ತಗ್ಗಿಸುತ್ತದೆ. ಡೋಸ್ ಅತಿಯಾದರೆ ಹೃದಯದ ಪಂಪಿಂಗ್ ಕುಸಿಯುವುದರಿಂದ ಎಕೋ ನೋಡುತ್ತಲೇ ಕೊಡಬೇಕಾಗುತ್ತದೆ.

ಪ್ರಶ್ನೆ: ಎಂಜಲಿನ ಕಿಟ್‌ನಲ್ಲಿ ‘ಎಂಟಿಎಚ್‌ಎಫ್‌ಆರ್ ದೋಷ’ ಬಂತು. ಫೋಲೇಟ್ ಮಾತ್ರೆ ತಗೊಳ್ಳಲೇ?

ಉತ್ತರ: ಹೃದಯಕ್ಕಾಗಿ ಬೇಡ. ಎಂಟಿಎಚ್‌ಎಫ್‌ಆರ್ ಜೀನಿನ ಈ ಬದಲಾವಣೆ ತೀರಾ ಸಾಮಾನ್ಯ. ಇದರಿಂದ ರಕ್ತದಲ್ಲಿ ಹೋಮೊಸಿಸ್ಟೀನ್ ಎಂಬ ಅಮೈನೊ ಆಮ್ಲ ಸ್ವಲ್ಪ ಏರಬಹುದು. ಬಿ ವಿಟಮಿನ್ ಕೊಟ್ಟು ಹೋಮೊಸಿಸ್ಟೀನ್ ಇಳಿಸಿದರೂ ಹೃದಯಾಘಾತ ಕಡಿಮೆಯಾಗಲಿಲ್ಲ.

ಪ್ರಶ್ನೆ: ಯಜಮಾನರಿಗೆ ಮೂರು ತಿಂಗಳ ಹಿಂದೆ ಸ್ಟೆಂಟ್ ಹಾಕಿದ್ದಾರೆ. ಕ್ಲೊಪಿಡೊಗ್ರೆಲ್ 75, ಆಸ್ಪಿರಿನ್, ಎದೆಯುರಿಗೆ ಒಮೆಪ್ರಜೋಲ್ ತಗೊಳ್ಳುತ್ತಿದ್ದಾರೆ. ಸಿವೈಪಿ2ಸಿ19 ವರದಿಯಲ್ಲಿ ‘ಸ್ಟಾರ್1/ಸ್ಟಾರ್2’ ಎಂದಿದೆ. ಮಾತ್ರೆ ನಿಲ್ಲಿಸಬೇಕೇ?

ಉತ್ತರ: ನೀವಾಗಿಯೇ ಒಂದು ದಿನವೂ ನಿಲ್ಲಿಸಬೇಡಿ; ಹಠಾತ್ತನೆ ಬಿಟ್ಟರೆ ಸ್ಟೆಂಟಿನೊಳಗೆ ರಕ್ತ ಹೆಪ್ಪುಗಟ್ಟಬಹುದು. ರಕ್ತ ಹೆಪ್ಪುಗಟ್ಟದಂತೆ ಕೊಡುವ ಕ್ಲೊಪಿಡೊಗ್ರೆಲ್ ನುಂಗಿದಾಗ ನಿಷ್ಕ್ರಿಯ. ಸುಮಾರು ಶೇ 85 ಭಾಗವನ್ನು ದೇಹ ಹಾಗೆಯೇ ವ್ಯರ್ಥ ಮಾಡುತ್ತದೆ. ಉಳಿದದ್ದು ಲಿವರ್‌ನಲ್ಲಿ ಎರಡು ಹಂತ ದಾಟಿದ ಮೇಲೆ ಔಷಧವಾಗುತ್ತದೆ, ಎರಡರಲ್ಲೂ ಸಿವೈಪಿ2ಸಿ19 ಕಿಣ್ವಕ್ಕೆ ಪಾಲಿದೆ. ಸ್ಟಾರ್2 ಎಂದರೆ ಕೆಲಸ ಮಾಡದ ಪ್ರತಿ. ನಿಮ್ಮ ಯಜಮಾನರಲ್ಲಿ ಅದು ಒಂದಿದೆ, ಒಂದು ಸರಿಯಿದೆ. ಒಮೆಪ್ರಜೋಲ್ ಉಳಿದ ಕಿಣ್ವವನ್ನೂ ತಡೆಯುತ್ತದೆ. ಅದರ ಬದಲು ಪ್ಯಾಂಟೊಪ್ರಜೋಲ್ ಕೊಡಬಹುದೇ ಎಂದು ಈ ವಾರವೇ ಹೃದ್ರೋಗ ವೈದ್ಯರನ್ನು ಕೇಳಿ. ಕ್ಲೊಪಿಡೊಗ್ರೆಲನ್ನೇ ಬದಲಿಸುವುದಾದರೆ ಪ್ರಾಸುಗ್ರೆಲ್ ಅಥವಾ ಟಿಕಾಗ್ರೆಲಾರ್ ಇವೆ. ಹಿಂದೆ ಪಾರ್ಶ್ವವಾಯು ಆಗಿದ್ದರೆ ಪ್ರಾಸುಗ್ರೆಲ್ ಕೂಡದು. 75 ದಾಟಿದವರಿಗೆ, 60 ಕಿಲೊಗಿಂತ ಕಡಿಮೆ ತೂಕದವರಿಗೆ ರಕ್ತಸ್ರಾವದ ಭಯ ಹೆಚ್ಚು. ಟಿಕಾಗ್ರೆಲಾರ್ ದಿನಕ್ಕೆ ಎರಡು ಹೊತ್ತು ತಪ್ಪದೆ ನುಂಗಬೇಕು, ಕೆಲವರಿಗೆ ಅದರಿಂದ ಉಸಿರು ಕಟ್ಟಿದಂತಾಗುತ್ತದೆ. ಹಾಗಾದರೂ ಮಾತ್ರೆ ಬಿಡದೆ ಮೊದಲು ವೈದ್ಯರಿಗೆ ತಿಳಿಸಿ.